ತಡೀರಿ, ಕಾಣುತ್ತೆ

ನಮ್ಮ ಹಳೆಯ ಆಫೀಸಿನ ಮೇಡಂ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ, ಸುಡುವ ಬಿಸಿಲಿನಲ್ಲಿ. ಹೇಳಿದವರು ಆಗಿನ ನಮ್ಮ ಮ್ಯಾನೇಜರ್. "ಗೊತ್ತಾಯ್ತಾ ಗುರು, ನಮ್ ಮೇಡಂ ಹೋಗ್ಬಿಟ್ರಂತೆ. ಹೋದ್ ತಿಂಗಳೇ ಅಂತೆ," ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು, ಹತ್ತಿ ಹೋದರು. ನಾನು ಬಂದ ಕೆಲಸ ನೆನಪಾಗಿ ಎದುರಿನ ಜೆರಾಕ್ಸ್ ಅಂಗಡಿಗೆ ಕಾಲಿಟ್ಟೆ. ಬಿಸಿಲಿನಿಂದ ಒಳಗೆ ಬಂದದ್ದೇ ಕಣ್ಣಿಗೆ ಕತ್ತಲೆ ಕಟ್ಟಿತು. ಅಂಗಡಿಯವನೂ ಕಾಣಲಿಲ್ಲ, ಯಂತ್ರವೂ ಕಾಣಲಿಲ್ಲ. ಬಾಗಿಲಲ್ಲೇ ನಿಂತೆ. "ತಡೀರಿ, ಕಾಣುತ್ತೆ" ಎಂದು ಪಕ್ಕದಲ್ಲೇ ಯಾರೋ ಅಂದ ಹಾಗಾಯಿತು. ಅದು ಅವರ ಮಾತು. ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದರೆ ಅವರೇ ಬೇಡ ಅನ್ನುತ್ತಿದ್ದರು.

ಎರಡು ಸಾವಿರದ ಐದು-ಆರರ ಕಾಲ. ಜೆ.ಪಿ. ನಗರದಲ್ಲಿ ಒಂದು ಹಳೆಯ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದು ನಾವೊಂದಿಷ್ಟು ಜನ ವಿಡಿಯೋ ಗೇಮ್ ಮಾಡುತ್ತಿದ್ದೆವು. ಮಾಡುತ್ತಿದ್ದೆವು ಎಂದರೆ ಸ್ವಲ್ಪ ಜಂಬವಾಯಿತು. ಆಟ ಯಾವುದೋ ಹೊರದೇಶದ ಕಂಪನಿಯದು. ಅದರಲ್ಲಿ ಬರುವ ಒಂದು ಪಾಳು ಬಂಗಲೆಗೆ ಗೋಡೆ, ಕಂಬ, ಬೆಳಕು ಕೂಡಿಸುವ ಕೂಲಿ ನಮ್ಮದು. ನಾನೇನು ಕೆಲಸ ಮಾಡುತ್ತೇನೆಂದು ಹೊಸಕೆರೆಹಳ್ಳಿಯ ನಮ್ಮ ಮನೆಯಲ್ಲಿ ಯಾರಿಗೂ ಕೊನೆಯವರೆಗೆ ಅರ್ಥವಾಗಲಿಲ್ಲ. ನಮ್ಮಮ್ಮ ಕೇಳಿದವರಿಗೆಲ್ಲ "ಕಂಪ್ಯೂಟರಲ್ಲಿ ಲೈಟ್ ಹಾಕ್ತಾನಂತೆ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಹಾಗೆ ನೋಡಿದರೆ ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಆ ಲೈಟ್ ಹಾಕುವ ಕೆಲಸಕ್ಕೆ ಮುಖ್ಯಸ್ಥರು ಈ ಮೇಡಂ. ನಲವತ್ತು ದಾಟಿದ್ದರು. ಮೊದಲು ಯಾವುದೋ ಜಾಹೀರಾತು ಕಂಪನಿಯಲ್ಲಿ ಕೈಯಲ್ಲೇ ಚಿತ್ರ ಬರೆಯುತ್ತಿದ್ದವರು. ಬನಶಂಕರಿ ಎರಡನೇ ಹಂತದ ಮನೆಯಲ್ಲಿ ಅವರು, ಅವರ ತಾಯಿ ಇಬ್ಬರೇ. ಹತ್ತಿಯ ಸೀರೆ, ಕಪ್ಪು ಕೊಡೆ, ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ. ಜೀನ್ಸ್ ಹಾಕಿಕೊಂಡು ಒಬ್ಬರನ್ನೊಬ್ಬರು ಮಗಾ ಎಂದು ಕರೆಯುತ್ತಿದ್ದ ನಮ್ಮ ಪಟಾಲಂ ನಡುವೆ ಅವರೊಬ್ಬರಿಗೆ ಮಾತ್ರ ಎಲ್ಲರೂ ಮೇಡಂ ಅನ್ನುತ್ತಿದ್ದರು. ಯಾರೂ ಹಾಗೆ ಅನ್ನಿ ಅಂತ ಹೇಳಿಕೊಟ್ಟಿರಲಿಲ್ಲ.

ಅವರ ಕೆಲಸ ಏನೆಂದು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದಕ್ಕೆ ಮುಂಚಿನ ಆಟಗಳಲ್ಲಿ ಬೆಳಕು ಎಂದರೆ ಬಿಳಿ ಬಣ್ಣ, ಅಷ್ಟೇ. ಟ್ಯೂಬ್‌ಲೈಟೂ ಬಿಳಿ, ನೆತ್ತಿಯ ಮೇಲಿನ ಸೂರ್ಯನೂ ಅದೇ ಬಿಳಿ. ಆಗಷ್ಟೇ ಹೈ ಡೈನಮಿಕ್ ರೇಂಜ್, ಎಚ್‌ಡಿಆರ್ ಎಂಬ ಹೊಸ ವಿದ್ಯೆ ಬಂದಿತ್ತು. ಅದರಲ್ಲಿ ದೀಪಕ್ಕೆ ದೀಪದ ತೂಕ, ಬಿಸಿಲಿಗೆ ಬಿಸಿಲಿನ ತೂಕ. ಎರಡನ್ನೂ ಒಟ್ಟಿಗೆ ತೋರಿಸುವ ಶಕ್ತಿ ಪರದೆಗೆ ಇಲ್ಲವಾದ್ದರಿಂದ ಆಟವೂ ನಮ್ಮ ಕಣ್ಣಿನ ಹಾಗೆ ಹೊಂದಿಕೊಳ್ಳಬೇಕಿತ್ತು. ಆಡುವವನು ಅಂಗಳದ ಬಿಸಿಲಿನಿಂದ ಕೋಣೆಯೊಳಗೆ ಬಂದರೆ ಮೊದಲು ಎಲ್ಲ ಕಪ್ಪು. ಆಮೇಲೆ ನಿಧಾನವಾಗಿ ಗೋಡೆ, ಕುರ್ಚಿ, ಮೂಲೆ ಒಂದೊಂದೇ ಕಾಣಬೇಕು. ಹೊರಗೆ ಹೋದರೆ ಮೊದಲು ಕಣ್ಣು ಕುಕ್ಕುವ ಬಿಳುಪು, ಆಮೇಲೆ ಅಂಗಳ. ಕತ್ತಲೆ ಎಷ್ಟು ಹೊತ್ತಿಗೆ ತಿಳಿಯಾಗಬೇಕು, ಎಷ್ಟರಮಟ್ಟಿಗೆ ತಿಳಿಯಾಗಬೇಕು ಎಂಬುದನ್ನು ಬಂಗಲೆಯ ಒಂದೊಂದು ಕೋಣೆಗೂ ಬೇರೆ ಬೇರೆಯಾಗಿ ಹೊಂದಿಸಬೇಕು. ಪರದೆಯ ಬದಿಯಲ್ಲಿ ಒಂದು ಗೆರೆ, ಗೆರೆಯ ಮೇಲೊಂದು ಗುಂಡಿ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುವುದರಲ್ಲೇ ನಮ್ಮ ದಿನ ಕಳೆದುಹೋಗುತ್ತಿತ್ತು.

ನಾವೆಲ್ಲ ಕಣ್ಣಂದಾಜಿನಲ್ಲಿ ಸರಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಮೇಡಂ ಹಾಗಲ್ಲ. ಹೊಸಬರು ಯಾರೇ ಬೆಳಕಿನ ಕೆಲಸಕ್ಕೆ ಸೇರಲಿ, ಮಟಮಟ ಮಧ್ಯಾಹ್ನ ಅವರನ್ನು ಮನೆಯ ಹಿಂದಿನ ಬಿಸಿಲಿನಲ್ಲಿ ನಿಲ್ಲಿಸಿ, ಅಲ್ಲಿಂದ ನೇರವಾಗಿ ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅದಕ್ಕೆ ಕಿಟಕಿ ಇರಲಿಲ್ಲ. ಬಾಗಿಲು ಮುಚ್ಚಿದರೆ ಕೆಳಗಿನ ಸಂದಿಯಿಂದ ಬರುವ ಬೆಳಕು ಬಿಟ್ಟರೆ ಬೇರೇನೂ ಇಲ್ಲ. ನನ್ನನ್ನೂ ಕರೆದುಕೊಂಡು ಹೋದರು.

"ಒಳಗೆ ಮಾತಾಡ್ಬಾರ್ದು. ಎದುರಿನ ಎಡಗಡೆ ಮೂಲೆ ನೋಡ್ತಾ ನಿಂತ್ಕೊಳ್ಳಿ," ಎಂದರು.

"ಏನೂ ಕಾಣ್ತಿಲ್ವಲ್ಲ ಮೇಡಂ."

"ತಡೀರಿ, ಕಾಣುತ್ತೆ."

ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಆ ಮೂಲೆಯಲ್ಲಿ ಯಾರೋ ಕೂತಿದ್ದರು. ಮೈತುಂಬ ಹೊದ್ದು, ತಲೆ ಸ್ವಲ್ಪ ಬಾಗಿಸಿ, ಬಾಗಿಲ ಕಡೆಗೆ ಮುಖ ಮಾಡಿ, ತುಂಬ ಹೊತ್ತಿನಿಂದ ಕಾಯುತ್ತಿರುವವರ ಹಾಗೆ. ಬಾಯಿಂದ "ಯಾರೋ ಇದಾರೆ" ಎಂದು ಬಂದೇಬಿಟ್ಟಿತು. ಅಷ್ಟರಲ್ಲಿ ಕಣ್ಣು ಇನ್ನಷ್ಟು ಅರಳಿ, ಕೂತಿದ್ದವರು ಕರಗಿ, ಅದೊಂದು ಒರಳುಕಲ್ಲಾಯಿತು. ಮನೆಯ ಮಾಲೀಕರು ಸಾಗಿಸಲಾರದೆ ಬಿಟ್ಟದ್ದು. ಒರಳಿನಲ್ಲಿ ಗುಂಡುಕಲ್ಲು ನಿಂತೇ ಇತ್ತು, ಮೇಲೆ ಗೋಣಿಚೀಲ ಹೊದಿಸಿದ್ದರು. ನಾನು ನಕ್ಕೆ, ಆದರೆ ಮೇಡಂ ನಗಲಿಲ್ಲ.

"ಎಲ್ರಿಗೂ ಹಾಗೇ ಆಗುತ್ತೆ. ಮೊದಲು ಬರ್ತಾರೆ, ಆಮೇಲೆ ಕಲ್ಲಾಗ್ತಾರೆ. ಆಟದಲ್ಲಿ ನಂಗೆ ಬೇಕಾಗಿರೋದು ಮಧ್ಯದ ಆ ಒಂದು ಗಳಿಗೆ," ಎಂದರು.

ಅಲ್ಲಿಂದ ಮುಂದೆ ಅದು ನಮ್ಮ ಆಫೀಸಿನ ಪದ್ಧತಿಯೇ ಆಗಿಹೋಯಿತು. ಬಂಗಲೆಯ ಯಾವುದಾದರೂ ಕೋಣೆಯ ಬೆಳಕಿನ ಬಗ್ಗೆ ಅನುಮಾನ ಬಂದರೆ ಮೇಡಂ ನಮ್ಮಲ್ಲೊಬ್ಬರನ್ನು ಜೊತೆ ಮಾಡಿಕೊಂಡು ಉಗ್ರಾಣಕ್ಕೆ ಹೋಗುತ್ತಿದ್ದರು. ಒಳಗೆ ಎರಡೇ ಮಾತಿಗೆ ಅನುಮತಿ. ಕೂತವರು ಕಂಡಾಗ "ಬಂದ್ರು" ಅನ್ನಬೇಕು, ಕಲ್ಲೆಂದು ತಿಳಿದಾಗ "ಕಲ್ಲು" ಅನ್ನಬೇಕು. ಇಬ್ಬರೂ ಅನ್ನಬೇಕು. ನಡುವೆ ಎಷ್ಟು ಹೊತ್ತಾಯಿತೆಂದು ಅವರು ಮನಸ್ಸಿನಲ್ಲೇ ಇಟ್ಟುಕೊಂಡು ಬಂದು ಗುಂಡಿ ಸರಿಸುತ್ತಿದ್ದರು. ಇದೆಲ್ಲ ಹುಚ್ಚಾಟ ಎಂದು ಹೇಳುತ್ತಿದ್ದ ಮ್ಯಾನೇಜರ್ ಒಂದು ದಿನ ತಾವೇ ಹೋಗಿ ಬಂದು, ಬೇಕಾದ್ದಕ್ಕಿಂತ ಜೋರಾಗಿ ನಕ್ಕರು. ಆಮೇಲೆ ಪ್ರಿಂಟರ್ ಕಾಗದ ಬೇಕಾದರೆ ಉಗ್ರಾಣಕ್ಕೆ ಇಬ್ಬಿಬ್ಬರೇ ಹೋಗುತ್ತಿದ್ದೆವು. ಕಲ್ಲೆಂದು ಗೊತ್ತಿದ್ದರೂ ಅಷ್ಟೇ. ಗೊತ್ತಿರುವುದು ತಲೆಗೆ, ಕಣ್ಣಿಗಲ್ಲ.

ಮೇಡಂ ಅವರನ್ನು ನಾವು ತಮಾಷೆ ಮಾಡುತ್ತಿದ್ದ ವಿಷಯಗಳು ಬೇಕಾದಷ್ಟಿದ್ದವು. ಐದು ಗಂಟೆಗೆ ಕಂಪ್ಯೂಟರ್ ಆರಿಸಿ ಎದ್ದುಬಿಡುತ್ತಿದ್ದರು. ಕೆಲಸ ತಲೆ ಮೇಲೆ ಕೂತಿರಲಿ, ಹೊರದೇಶದಿಂದ ಫೋನು ಬರಲಿ, "ದೀಪ ಹಚ್ಚೋ ಹೊತ್ತಿಗೆ ಮನೇಲಿರ್ಬೇಕು" ಎಂದು ಹೊರಟೇಬಿಡುತ್ತಿದ್ದರು. ಮಡಿವಂತರ ಮನೆ, ಸಂಪ್ರದಾಯ ಎಂದುಕೊಂಡಿದ್ದೆವು. ಯಾವ ಅಂಗಡಿಗೆ ಹೋದರೂ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಆಮೇಲೆ ಒಳಗೆ ಹೋಗುತ್ತಿದ್ದರು. ಅದನ್ನೂ ಭಕ್ತಿ ಎಂದೇ ತಿಳಿದಿದ್ದೆವು. ಒಮ್ಮೆ ನಾವೆಲ್ಲ ಆಫೀಸಿನವನೊಬ್ಬನ ಮದುವೆಗೆ ಉಡುಗೊರೆ ಕೊಳ್ಳಲು ಜಯನಗರ ಕಾಂಪ್ಲೆಕ್ಸಿನ ಸೀರೆ ಅಂಗಡಿಗೆ ಹೋದಾಗ, ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆಗೆ "ಸ್ವಲ್ಪ ಜರುಗ್ತೀರಾಮ್ಮ?" ಎಂದಿದ್ದರು. ಬೊಂಬೆ ಜರುಗಲಿಲ್ಲ. ಇವರು ಕಾದರು. ಸಣ್ಣಗೆ ಬೇಸರವನ್ನೂ ಪಟ್ಟುಕೊಂಡರು. ಅದನ್ನು ನೆನೆಸಿಕೊಂಡು ನಾವು ವಾರಗಟ್ಟಲೆ ನಕ್ಕೆವು, ಅವರೂ ನಮ್ಮ ಜೊತೆ ನಗುತ್ತಿದ್ದರು. ಈಗ ನೆನಪಾದರೆ ಅವರ ಆ ನಗುವೇ ನನ್ನನ್ನು ಕಾಡುತ್ತದೆ.

ಬಂಗಲೆ ಮುಗಿಯುವ ಹೊತ್ತಿಗೆ ಹೊರದೇಶದವರಿಂದ ತಕರಾರು ಶುರುವಾಯಿತು. ಕತ್ತಲೆ ಕೋಣೆಗಳಲ್ಲಿ ಏನಾದರೂ ಕಾಣಲು ತೀರಾ ತಡವಾಗುತ್ತಿದೆ, ಆಡುವವರು ಕಾಯುವುದಿಲ್ಲ ಎಂದು ಮೊದಲು ಬರೆದರು. ಮೇಡಂ ಸರಿಪಡಿಸಿ ಕಳಿಸಿದರು. ಈಗ ಇನ್ನೂ ತಡವಾಗಿದೆ, ಇದೇನು ತಮಾಷೆಯೇ ಎಂದು ಮತ್ತೆ ಬಂತು. ನಾನು ನೋಡಿದೆ, ನಿಜವೇ. ಕೋಣೆಯೊಳಗೆ ನಿಂತರೆ ಮೂಲೆಗಳು ಕಪ್ಪಾಗಿಯೇ ಉಳಿದಿದ್ದವು. ಬಂಗಲೆ ವಾಪಸಾದರೆ ಮೊದಲು ಹೋಗುವುದು ಮೇಡಂ ಅವರ ಕೆಲಸ ಎಂದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರ್ ನನ್ನನ್ನು ವರಾಂಡಕ್ಕೆ ಕರೆದು, "ಮೇಡಂಗೆ ಏನಾಗಿದೆ ಗುರು? ನಾನ್ ಕೇಳಿದ್ರೆ ಉಗ್ರಾಣದಲ್ಲಿ ಹಿಂಗೇ ಕಾಣೋದು ಅಂತಾರೆ. ನೀನೇ ಸ್ವಲ್ಪ ನೋಡು," ಎಂದರು.

ಆ ದಿನ ಮೇಡಂ ಬೆಳಿಗ್ಗೆ ಬರಲಿಲ್ಲ. ಬ್ಯಾಂಕಿನ ಕೆಲಸವಿದೆ ಎಂದಿದ್ದರು. ಮಧ್ಯಾಹ್ನ ಕೊಡೆ ಮಡಚುತ್ತಾ ಬಂದವರೇ ನನ್ನ ಮೇಜಿನ ಹತ್ತಿರ ನಿಂತು, "ಬನ್ನಿ, ಒಂದ್ಸಲ ನೋಡ್ಕೊಂಡ್ ಬರೋಣ. ತಪ್ಪು ಅವರದೋ ನಮ್ಮದೋ ಗೊತ್ತಾಗ್ಲಿ," ಎಂದರು. ಹಿಂದಿನ ಬಿಸಿಲಿನಲ್ಲಿ ನಿಂತೆವು, ಉಗ್ರಾಣಕ್ಕೆ ಹೋದೆವು, ಬಾಗಿಲು ಮುಚ್ಚಿದೆವು. ಆಗ ನನಗೆ ಥಟ್ಟನೆ ನೆನಪಾಯಿತು. ಆ ಬೆಳಿಗ್ಗೆಯೇ ಮಾಲೀಕರು ಆಳುಗಳನ್ನು ಕರೆಸಿ ಒರಳನ್ನು ಉರುಳಿಸಿಕೊಂಡು ಹೋಗಿ ಟೆಂಪೋಗೆ ಹಾಕಿಸಿದ್ದರು. ಹೇಳಬೇಕೆಂದುಕೊಂಡೆ. ಆದರೆ ಒಳಗೆ ಮಾತಾಡಬಾರದು ಎಂಬ ನಿಯಮ ರೂಢಿಯಾಗಿಬಿಟ್ಟಿತ್ತು, ನಾಲಿಗೆ ಏಳಲಿಲ್ಲ.

ಕತ್ತಲೆ ಮೆಲ್ಲಗೆ ತಿಳಿಯಾಯಿತು. ಮೂಲೆಯಲ್ಲಿ ಯಾರೂ ಕೂತಿರಲಿಲ್ಲ. ಇಷ್ಟು ದಿನ ಕೂತವರನ್ನು ಕಂಡು ಹೆದರಿದವನಿಗೆ ಅವತ್ತು ಆ ಖಾಲಿ ಮೂಲೆಯೇ ಹೆದರಿಕೆ ತಂದಿತು. ಒರಳಿದ್ದ ಕಡೆ ನೆಲದ ಮೇಲೆ ದುಂಡಗೆ ಒಂದು ಕಲೆ ಮಾತ್ರ ಇತ್ತು.

"ಬಂದ್ರು," ಎಂದರು ಮೇಡಂ, ಮೆಲ್ಲಗೆ.

ನಾನು ಮತ್ತೆ ಆ ಕಲೆಯನ್ನೇ ನೋಡಿದೆ. ಸ್ವಲ್ಪ ಹೊತ್ತಾಯಿತು.

"ಕಲ್ಲು," ಎಂದರು. ಮತ್ತೆ, "ಯಾಕ್ರೀ, ನೀವು ಏನೂ ಹೇಳ್ಲಿಲ್ಲ?"

"ಮೇಡಂ, ಅಲ್ಲಿ ಕಲ್ಲಿಲ್ಲ. ಬೆಳಿಗ್ಗೇನೇ ಓನರ್ ತಗೊಂಡ್ ಹೋದ್ರು."

ಅವರ ಮುಖ ನನಗೆ ಆಗ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಅವರನ್ನೇ ನೋಡುತ್ತಿದ್ದೇನೆಂಬುದು ಅವರಿಗೆ ಕಾಣುತ್ತಿರಲಿಲ್ಲ. ಕಣ್ಣು ಆ ಮೂಲೆಯಲ್ಲೇ ನೆಟ್ಟಿತ್ತು.

"ಕಲ್ಲು ಅಂದಿದ್ದು ಸುಳ್ಳು. ಕಲ್ಲು ನಂಗೆ ಕಾಣದೇ ಎಷ್ಟೋ ದಿನ ಆಯ್ತು. ನೀವೆಲ್ಲ ಹೇಳಿದ್ ಮೇಲೆ ನಾನೂ ಹೇಳ್ತಿದ್ದೆ. ಇವತ್ತು ನೀವು ಸುಮ್ನಿದ್ರಿ, ಅದಕ್ಕೆ ಅಂದಾಜಲ್ಲಿ ಹೇಳ್ದೆ," ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಆದ್ರೆ ಬಂದ್ರು ಅಂದಿದ್ದು ಸುಳ್ಳಲ್ಲ ಕಣ್ರೀ. ಕಲ್ಲಿಲ್ಲ ಅಂದ್ಮೇಲೆ ಅಲ್ಲಿ ಕೂತಿರೋರು ಯಾರು?" ಎಂದು ಕೇಳಿದರು.

ತಮಾಷೆಗೆ ಕೇಳಿದ್ದಲ್ಲ. ಉತ್ತರ ಬೇಕೆಂದೇ ಕೇಳಿದ್ದು. ನಾನು ಬಾಗಿಲು ತೆರೆದುಬಿಟ್ಟೆ.

ಹಿತ್ತಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಾಫಿ ಕುಡಿದೆವು. ಬೆಳಿಗ್ಗೆ ಹೋಗಿದ್ದು ಬ್ಯಾಂಕಿಗಲ್ಲ, ಕಣ್ಣಿನ ಆಸ್ಪತ್ರೆಗೆ ಎಂದು ಆಗ ಹೇಳಿದರು. ವಂಶದಲ್ಲಿ ಬಂದ ಕಾಯಿಲೆಯಂತೆ. ಮೊದಲು ಕತ್ತಲೆಯಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಬೆಳಕಿನಲ್ಲೂ ಅಂಚಿನಿಂದ ಒಳಗೆ ಒಳಗೆ ಮುಚ್ಚಿಕೊಳ್ಳುತ್ತಾ ಬರುತ್ತದೆ. ಔಷಧಿಯಿಲ್ಲ. ಐದು ಗಂಟೆಗೆ ಹೊರಡುತ್ತಿದ್ದದ್ದು ಸಂಪ್ರದಾಯಕ್ಕಲ್ಲ, ಸಂಜೆಯಾದರೆ ರಸ್ತೆ ದಾಟಲು ಆಗುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಉಗ್ರಾಣಕ್ಕೆ ಕರೆದುಕೊಂಡು ಹೋಗುತ್ತಿದ್ದದ್ದೂ ಬರೀ ಆಟಕ್ಕಲ್ಲ. ನಮ್ಮ ಕಣ್ಣಿಗೆ ಕಲ್ಲು ಕಾಣುವ ಹೊತ್ತಿಗೆ ತಮಗೂ ಕಾಣುತ್ತಿದೆಯೇ ಎಂದು ಪಕ್ಕದಲ್ಲಿ ನಿಂತು ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಹಾಗೆ ಮಾಡುತ್ತಾ ಮಾಡುತ್ತಾ ಬಂಗಲೆಯ ಕತ್ತಲೆಯನ್ನೆಲ್ಲ ತಮ್ಮ ಕಣ್ಣಿನ ಅಳತೆಗೇ ಕೂರಿಸಿಬಿಟ್ಟಿದ್ದರು. ಹೊರದೇಶದಲ್ಲಿ ಯಾರೋ ಕೂತು ಆಡುತ್ತಾ ಬೈಯುತ್ತಿದ್ದದ್ದು ಮೇಡಂ ಅವರ ಕಣ್ಣನ್ನು. ಅದು ಹೊಳೆದಾಗ ನಾನು ಕಾಫಿ ಲೋಟ ಕೆಳಗಿಟ್ಟೆ.

"ನಮ್ ತಂದೇಗೂ ಹಿಂಗೇ ಶುರುವಾಗಿದ್ದು," ಎಂದರು. "ನಡುಮನೆ ಮೂಲೇಲಿ ಮಣೆ ಹಾಕ್ಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿರೋರು. ನಾನು ಸ್ಕೂಲಿಂದ ಬಿಸಿಲಲ್ಲಿ ಓಡ್ಬಂದು ಒಳಗೆ ಕಾಲಿಟ್ರೆ ನಂಗೆ ಅವರು ಕಾಣ್ತಿರ್ಲಿಲ್ಲ, ಅವರಿಗೆ ನಾನು ಕಾಣ್ತಿರ್ಲಿಲ್ಲ. ಯಾರದು ಅನ್ನೋರು. ನೀವ್ಯಾರು ಅಂತ ನಾನೂ ಕೇಳ್ತಿದ್ದೆ, ತಮಾಷೆಗೆ. ತಡಿ, ಕಾಣುತ್ತೆ ಅನ್ನೋರು. ನಂಗೆ ಕಾಣೋದು. ಅವರು ತಡ್ಕೊಂಡೇ ಕೂತಿರೋರು."

ಲೋಟಗಳನ್ನು ಎತ್ತಿಕೊಂಡು ಇಬ್ಬರೂ ಒಳಗೆ ಹೋದೆವು.

ಮ್ಯಾನೇಜರ್‌ಗೆ ವಿಷಯವನ್ನು ಅವರೇ ಹೋಗಿ ಹೇಳಿದರು. ಆತ ಒಳ್ಳೆಯವರು, ಬೇರೆ ಏನಾದರೂ ಕೆಲಸ ಮಾಡಿ ಎಂದರು. ಮೇಡಂ ಒಪ್ಪಲಿಲ್ಲ. ಬಂಗಲೆ ಮುಗಿಸಿಕೊಟ್ಟು ಹೋಗುತ್ತೇನೆ, ಇವರ ಕಣ್ಣು ನನಗೆ ಕೊಡಿ ಎಂದು ನನ್ನ ಕಡೆ ತೋರಿಸಿದರು. ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಒಂದೇ ಪರದೆಯ ಮುಂದೆ ಕೂತೆವು. ಮೌಸ್ ಅವರ ಕೈಯಲ್ಲಿ, ನೋಡುವುದು ನಾನು. "ಇಲ್ಲಿಗೆ ಸಾಕಾ? ಕುರ್ಚಿ ಕಾಣ್ತಾ? ಕುರ್ಚಿ ಕಾಲು?" ಎಂದು ಕೇಳುತ್ತಾ ಒಂದೊಂದೇ ಕೋಣೆಯನ್ನು ತಮ್ಮ ಕಣ್ಣಿನಿಂದ ಬಿಡಿಸಿ ನನ್ನ ಕಣ್ಣಿಗೆ ಕಟ್ಟಿದರು. ಒಮ್ಮೆಯೂ ಬೇಸರಪಟ್ಟುಕೊಳ್ಳಲಿಲ್ಲ. ಕೊನೆಗೆ ಬಂಗಲೆಯ ಹಿಂದಿದ್ದ ಸಣ್ಣ ಉಗ್ರಾಣ ಉಳಿಯಿತು. ಕಥೆಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಅದಕ್ಕೂ ನನ್ನ ಕಣ್ಣು ಬೇಕೇ ಎಂದು ಕೇಳಿದೆ.

"ಅದು ಬಿಡಿ. ಅಲ್ಲಿಗೆ ಯಾರೂ ಹೋಗಲ್ಲ. ಅದೊಂದು ನಾನೇ ಮಾಡ್ಕೋತೀನಿ," ಎಂದರು. ಅರ್ಧ ದಿನ ಒಬ್ಬರೇ ಕೂತು ಏನೋ ಮಾಡಿದರು. ಐದು ಗಂಟೆಗೆ ಎದ್ದು, ಕೊಡೆ ತೆಗೆದುಕೊಂಡು, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಹೊರಟರು. ಅವರು ಆಫೀಸಿಗೆ ಬಂದದ್ದು ಅದೇ ಕೊನೆ. ಆಮೇಲೆ ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ನಂತರ ಅದೂ ನಿಂತುಹೋಯಿತು.

ಬಸ್ ನಿಲ್ದಾಣದಲ್ಲಿ ಸುದ್ದಿ ಕೇಳಿದ ಆ ವಾರದ ಭಾನುವಾರ ಹಳೆಯ ಡಬ್ಬಿ ಹುಡುಕಿ ಆ ಆಟದ ಸಿಡಿ ತೆಗೆದೆ. ಮಧ್ಯಾಹ್ನ. ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳು. ನನ್ನ ಕಂಪ್ಯೂಟರ್ ಇರುವುದು ಕೋಣೆಯ ಮೂಲೆಯಲ್ಲಿ. ಪರದೆಗೆ ಬಿಸಿಲು ಹೊಡೆಯದಂತೆ ಕಿಟಕಿಯ ದಪ್ಪ ಕರ್ಟನ್‌ಗಳನ್ನು ಎಳೆದು ಕೂತೆ. ಬಂಗಲೆಯ ಅಂಗಳ ದಾಟಿದೆ, ಬಿಸಿಲಿನಲ್ಲಿ ಸ್ವಲ್ಪ ನಿಂತೆ, ಆಮೇಲೆ ಹಿಂದಿನ ಉಗ್ರಾಣಕ್ಕೆ ಹೋದೆ. ಎಲ್ಲ ಕಪ್ಪಾಯಿತು. ಕೈ ಅಲ್ಲಾಡಿಸದೆ ಕಾದೆ.

ಎದುರಿನ ಎಡಗಡೆ ಮೂಲೆಯಲ್ಲಿ ಯಾರೋ ಕೂತಿದ್ದರು. "ಬಂದ್ರು," ಎಂದೆ, ಖಾಲಿ ಮನೆಯಲ್ಲಿ, ಗಟ್ಟಿಯಾಗಿಯೇ. ಇನ್ನೂ ಕಾದೆ. ಅವರು ಕಲ್ಲಾದರು. ಅದೇ ಒರಳು, ಅದೇ ಗೋಣಿಚೀಲ. ಆದರೆ ಬೆಳಕು ಅಲ್ಲಿಗೆ ನಿಲ್ಲಲಿಲ್ಲ. ಏರುತ್ತಲೇ ಹೋಯಿತು. ಯಾವ ಮನುಷ್ಯರ ಕಣ್ಣೂ ಕತ್ತಲೆಯಲ್ಲಿ ಅಷ್ಟು ಅರಳುವುದಿಲ್ಲ. ಕಿಟಕಿಯಿಲ್ಲದ ಆ ಕೋಣೆ ಬೆಳಗಿನ ಹೊತ್ತಿನ ಹಾಗೆ ನಿಚ್ಚಳವಾಯಿತು, ಗೋಣಿಯ ನೂಲು ನೂಲೂ ಕಂಡಿತು. ಮೇಡಂ ಅದೊಂದು ಕೋಣೆಯನ್ನು ತಮಗೂ ಕಲ್ಲು ಕಾಣುವಷ್ಟು ತೆರೆದಿಟ್ಟು ಹೋಗಿದ್ದರು. ನನಗೆ ಅಳು ಬಂತು.

ಕಣ್ಣೊರೆಸಿಕೊಂಡು ನೋಡಿದರೆ ಒರಳಿನ ಪಕ್ಕದಲ್ಲಿ ಒಂದು ಮಣೆ. ನಾವು ಮಾಡಿದ ಬಂಗಲೆಯಲ್ಲಿ ಒರಳಾಗಲಿ ಮಣೆಯಾಗಲಿ ಎಲ್ಲೂ ಇರಲಿಲ್ಲ, ಆ ದೇಶದವರಿಗೆ ಮಣೆ ಎಂದರೇನೆಂದೇ ಗೊತ್ತಿಲ್ಲ. ಬಾಗಿಲ ಕಡೆಗೆ ಮುಖವಾಗಿ ಹಾಕಿತ್ತು. ಖಾಲಿಯಿತ್ತು. ನಾನು ಆಟದಲ್ಲಿ ನಡೆದುಹೋಗಿ ಅದರ ಮೇಲೆ ನಿಂತು ಬಾಗಿಲಿನ ಕಡೆ ತಿರುಗಿದೆ. ಬಾಗಿಲಿನ ತುಂಬ ಬರೀ ಬಿಳುಪು. ಒಳಗೆ ಯಾರು ಬಂದರೂ ಅವರಿಗೆ ಮೂಲೆ ಕಾಣದು, ಮೂಲೆಯಲ್ಲಿರುವವರಿಗೆ ಅವರು ಕಾಣರು. ಬಿಳುಪು ಇಳಿದು ಹೊಸ್ತಿಲು ಕಾಣಲೆಂದು ಕಾಯುತ್ತಿದ್ದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಆಟ, ಪರದೆ, ಫ್ಯಾನು ಎಲ್ಲ ಒಟ್ಟಿಗೆ ನಿಂತು, ನಾನು ಕತ್ತಲೆಯಲ್ಲಿ ಉಳಿದೆ. ಏಳಬೇಕೆನ್ನಿಸಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕೋಣೆಯ ಬಾಗಿಲು ತೆರೆದು, ಹೊರಗಿನ ಬಿಸಿಲು ಕಣ್ಣಿಗೆ ರಾಚಿತು. ಆ ಬಿಳುಪಿನ ನಡುವೆ ಒಂದು ಆಕೃತಿ ನಿಂತಿತ್ತು. ನನ್ನ ಹೆಂಡತಿಯೇ ಎಂದು ನನಗೆ ಗೊತ್ತು, ಆದರೆ ಕಣ್ಣಿಗೆ ಗೊತ್ತಿರಲಿಲ್ಲ. ಆಕೃತಿ ಹೊಸ್ತಿಲಲ್ಲೇ ತಡೆದು, ನಾನಿದ್ದ ಮೂಲೆಯನ್ನೇ ನೋಡಿತು.

"ಯಾರದು, ಅಲ್ಲಿ ಕೂತಿರೋದು?" ಎಂದು ಕೇಳಿತು.

"ತಡಿ," ಎಂದೆ. "ಕಾಣುತ್ತೆ."